ಒಂದು ಸಂಜೆ ನಾಲ್ಕು ತಳಿ, ಆಮೇಲೆ ಒಂದು ತೋಟ: ಪುಣೆ, ಮುಂಬೈ ಕನ್ನಡಿಗರಿಗೆ ವೈನ್ ದ್ರಾಕ್ಷಿಯ ಕೈಪಿಡಿ

ಜನವರಿ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಮೆಸೇಜು ಶುರು. "ನಾಸಿಕ್‌ಗೆ ಹೊರಟಿದ್ದೀವಿ, ಯಾವ ವೈನ್ ತಗೊಳ್ಳೋದು?" "ಶಿರಾಜ್‌ಗೂ ಕ್ಯಾಬರ್ನೆಗೂ ಏನು ಫರಕು?" "ಆರ್ಗ್ಯಾನಿಕ್ ಅಂತ ಬರೆದಿದ್ರೆ ಒಳ್ಳೇದಾ?" ಹಡಪ್ಸರದ ಗೆಳತಿ, ಡೊಂಬಿವಲಿಯ ಭಾವ, ಸಂಘದ ಕಾರ್ಯಕ್ರಮದಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತವರು, ಎಲ್ಲರದೂ ಇದೇ ಪ್ರಶ್ನೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ. ಒಂದೇ ಸಲ ಬರೆದುಬಿಡುತ್ತೇನೆ.

ನಾನು ವೈನ್ ಪಂಡಿತಳೇನಲ್ಲ. ವಿಜಯಪುರದ ತಿಕೋಟಾ ಕಡೆ ದ್ರಾಕ್ಷಿ ಬೆಳೆಯುವ ಮನೆಯವಳು, ಮದುವೆಯಾಗಿ ಪುಣೆಗೆ ಬಂದವಳು. ಹಾಗಾಗಿ ಗ್ಲಾಸಿಗಿಂತ ಮೊದಲು ನನ್ನ ಕಣ್ಣು ಬಳ್ಳಿಯ ಬುಡಕ್ಕೆ ಹೋಗುತ್ತದೆ. ಈ ಬರಹದಲ್ಲೂ ಆ ಪಕ್ಷಪಾತ ಇದೆ. "ಪರಿಸರಸ್ನೇಹಿ ವೈನ್" ಎಂದು ಯಾರಾದರೂ ಹೇಳಿದರೆ ನಾನು ನಾಲ್ಕು ಲೆಕ್ಕ ಕೇಳುತ್ತೇನೆ: ನೀರು, ಔಷಧಿ, ಕರೆಂಟು, ಗಾಜು. ಲೇಬಲ್ ಮೇಲಿನ ಹಸಿರು ಎಲೆಯ ಚಿತ್ರ ಆಮೇಲೆ ನೋಡೋಣ.

ಮೊದಲೇ ಒಂದು ಮಾತು. ಮದ್ಯ ಆರೋಗ್ಯಕ್ಕೆ ಹಾನಿಕರ, ಇದು ಬಾಟಲಿಯ ಮೇಲೆಯೇ ಬರೆದಿರುತ್ತದೆ. ಕುಡಿಯದವರು ಇದನ್ನು ಓದಿ ಶುರು ಮಾಡಬೇಕಿಲ್ಲ. ತೋಟ ನೋಡಲು ಕುಡಿಯಲೇಬೇಕು ಅಂತಲೂ ಇಲ್ಲ. ಮಹಾರಾಷ್ಟ್ರದಲ್ಲಿ ವೈನ್ ಮತ್ತು ಬಿಯರ್‌ಗೆ 21 ವರ್ಷ ತುಂಬಿರಬೇಕು, ಉಳಿದ ಮದ್ಯಕ್ಕೆ 25.

ಬೇಕಾಗುವ ಸಾಮಾನು

ದೊಡ್ಡ ಪಟ್ಟಿ ಏನಿಲ್ಲ. ಆರೇಳು ಜನ ಗೆಳೆಯರು, ನಾಲ್ಕು ಬಾಟಲಿ, ಒಂದೇ ಆಕಾರದ ಗ್ಲಾಸುಗಳು, ಒಂದು ಬಿಳಿ ಹಾಳೆ, ಒಂದು ಪೆನ್ನು, ಫ್ರಿಜ್ಜು, ಕುಡಿಯುವ ನೀರು, ಒಂದು ಬುಟ್ಟಿ ಖಾರ ಹಾಕದ ಚುರಮುರಿ. ಚುರಮುರಿ ಯಾಕೆ ಅಂದರೆ, ಒಂದು ವೈನ್‌ನಿಂದ ಇನ್ನೊಂದಕ್ಕೆ ಹೋಗುವಾಗ ನಾಲಿಗೆ ತೊಳೆದ ಹಾಗಾಗುತ್ತದೆ. ಬಿಸ್ಕತ್ತಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಸಿಹಿ ಇರೋದಿಲ್ಲ ನೋಡಿ. ನಾಲ್ಕು ಬಾಟಲಿ ಖರ್ಚು ಜಾಸ್ತಿ ಅನ್ನಿಸಿದರೆ ಎಲ್ಲರೂ ಹಂಚಿಕೊಳ್ಳಿ. ಕೆಲವು ತಳಿಗಳಲ್ಲಿ 375 ಮಿಲಿಲೀಟರ್‌ನ ಅರ್ಧ ಬಾಟಲಿಯೂ ಸಿಗುತ್ತದೆ.

ಹಂತ 1: ತಿನ್ನುವ ದ್ರಾಕ್ಷಿಯನ್ನು ತಲೆಯಿಂದ ತೆಗೆಯಿರಿ

ಮಾರ್ಕೆಟ್‌ನಲ್ಲಿ ಸಿಗುವ ಥಾಮ್ಸನ್, ಸೊನಾಕಾ, ತಾಸ್-ಎ-ಗಣೇಶ್ ಇವೆಲ್ಲ ತಿನ್ನುವುದಕ್ಕೆ, ಒಣದ್ರಾಕ್ಷಿಗೆ ಬೆಳೆಸಿದವು. ಬೀಜ ಇಲ್ಲ, ಸಿಪ್ಪೆ ತೆಳು, ಕಾಯಿ ದಪ್ಪ. ವೈನ್ ದ್ರಾಕ್ಷಿ ಇದಕ್ಕೆ ಪೂರ್ತಿ ಉಲ್ಟಾ. ಗಾತ್ರ ಬಟಾಣಿ ಕಾಳಿಗಿಂತ ಸ್ವಲ್ಪ ದೊಡ್ಡದು, ಒಳಗೆ ಬೀಜ, ಸಿಪ್ಪೆ ದಪ್ಪ. ಬಾಯಿಗೆ ಹಾಕಿಕೊಂಡರೆ ಮೊದಲು ವಿಪರೀತ ಸಿಹಿ, ಆಮೇಲೆ ಹಲ್ಲಿಗೆ ಅಂಟುವ ಒಗರು.

ಆ ಸಿಪ್ಪೆಯಲ್ಲೇ ಎಲ್ಲ ಇರೋದು. ಕೆಂಪು ವೈನ್ ಮಾಡುವ ಹೆಚ್ಚಿನ ದ್ರಾಕ್ಷಿಯ ರಸ ಹಿಂಡಿದರೆ ಬಣ್ಣವೇ ಇರುವುದಿಲ್ಲ. ಸಿಪ್ಪೆಯ ಜೊತೆ ಬಿಟ್ಟರೆ ಕೆಂಪಾಗುತ್ತದೆ, ಮೊದಲೇ ಸಿಪ್ಪೆ ಬೇರೆ ಮಾಡಿದರೆ ಬಿಳಿಯಾಗಿಯೇ ಉಳಿಯುತ್ತದೆ. ಸಿಪ್ಪೆ, ಬೀಜದಿಂದ ಬರುವ ಒಗರಿಗೆ ವೈನ್ ಮಂದಿ ಟ್ಯಾನಿನ್ ಅನ್ನುತ್ತಾರೆ. ಅಡಿಕೆ ಜಗಿದಾಗ, ಕಾಯಿ ನೇರಳೆ ತಿಂದಾಗ ಆಗುತ್ತದಲ್ಲ, ಅದೇ.

ಇನ್ನೊಂದು ಪದ ಬ್ರಿಕ್ಸ್. ರಸದಲ್ಲಿ ಸಕ್ಕರೆ ಎಷ್ಟಿದೆ ಅನ್ನುವ ಅಳತೆ. ಒಂದು ಹನಿ ರಸವನ್ನು ಚಿಕ್ಕ ದುರ್ಬೀನಿನಂಥ ಸಾಧನದ ಗಾಜಿನ ಮೇಲೆ ಬಿಟ್ಟು ಬೆಳಕಿಗೆ ಹಿಡಿದು ನೋಡುತ್ತಾರೆ. ನಮ್ಮೂರಲ್ಲಿ ವ್ಯಾಪಾರಿಗಳ ಜೇಬಿನಲ್ಲೂ ಅದು ಇರುತ್ತದೆ. ವೈನ್‌ಗೆ ಸಾಮಾನ್ಯವಾಗಿ 21ರಿಂದ 24 ಬ್ರಿಕ್ಸ್ ಆದಾಗ ಕೊಯ್ಯುತ್ತಾರೆ. ಯೀಸ್ಟ್ ಎಂಬ ಸೂಕ್ಷ್ಮಜೀವಿ ಈ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಕರಗಿದರೆ 1% ಆಲ್ಕೋಹಾಲ್. ಲೇಬಲ್ ಮೇಲೆ 12.5%, 13% ಅಂತ ಬರುವುದು ಈ ಲೆಕ್ಕದಿಂದ.

ಬೆಂಗಳೂರು ಬ್ಲೂ ಕಥೆ ಬೇರೆ. 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ ನಮ್ಮದೇ ಹಣ್ಣು, ಆದರೆ ಮೂಲ ಅಮೆರಿಕದ ದ್ರಾಕ್ಷಿಯ ಕುಲ. ಗೊಂಚಲು ಮೂಸಿದರೆ ದ್ರಾಕ್ಷಿ ಪೆಪ್ಪರ್‌ಮಿಂಟಿನ ವಾಸನೆ ಬರುತ್ತದೆ. ಗೋವಾಕ್ಕೆ ಹೋದವರು ಹೊತ್ತು ತರುವ ಸಿಹಿ "ಪೋರ್ಟ್" ಇದೆಯಲ್ಲ, ಅದರಲ್ಲಿ ಈ ಹಣ್ಣಿನ ಪಾಲು ದೊಡ್ಡದು. ಗೋವಾದ ಹಸಿ ಹವೆಯಲ್ಲಿ ದ್ರಾಕ್ಷಿ ನಿಲ್ಲೋದಿಲ್ಲ, ಹಣ್ಣು ಘಟ್ಟದ ಮೇಲಿಂದಲೇ ಇಳಿಯಬೇಕು. ಪೋರ್ಚುಗಲ್‌ನ ಡೋರೊ ಕಣಿವೆಯ ಅಸಲಿ ಪೋರ್ಟ್‌ಗೂ ಇದಕ್ಕೂ ಹೆಸರಿನ ನಂಟು ಮಾತ್ರ. ರುಚಿ ಇಷ್ಟವಾದರೆ ಕುಡಿಯಿರಿ, ಆದರೆ ವೈನ್ ತಳಿ ಕಲಿಯಲು ಇದರಿಂದ ಶುರು ಮಾಡಬೇಡಿ. ಸಕ್ಕರೆ ಎಲ್ಲವನ್ನೂ ಮುಚ್ಚಿಬಿಡುತ್ತದೆ.

ಎಚ್ಚರಿಕೆ: ಈ ಹಂತ ಓದಿದ ಕೂಡಲೇ "ಮನೆಯಲ್ಲೇ ಮಾಡಿದರೆ ಹೇಗೆ?" ಅನ್ನುವವರು ಇದ್ದೇ ಇರುತ್ತಾರೆ. ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಮಹಾರಾಷ್ಟ್ರದ 1949ರ ಪಾನನಿರೋಧ ಕಾಯ್ದೆಗೆ ವಿರುದ್ಧ. ಅದರ ಮೇಲೆ ಥಾಮ್ಸನ್ ಹಣ್ಣಿನಲ್ಲಿ ವೈನ್ ಮಾಡಿದರೆ ಪಾನಕ ಕೆಟ್ಟುಹೋದ ಹಾಗಿರುತ್ತದೆ.

ಹಂತ 2: ಒಂದೇ ಸಂಜೆ, ನಾಲ್ಕು ತಳಿ, ಪಕ್ಕಪಕ್ಕ

ಇದು ಈ ಕೈಪಿಡಿಯ ಮುಖ್ಯ ಭಾಗ. ಒಂದು ವಾರ ಶಿರಾಜ್, ಮುಂದಿನ ತಿಂಗಳು ಕ್ಯಾಬರ್ನೆ ಅಂತ ಕುಡಿದರೆ ವ್ಯತ್ಯಾಸ ಯಾವತ್ತೂ ಗೊತ್ತಾಗೋದಿಲ್ಲ. ಎರಡು ಅಕ್ಕಿಯ ಅನ್ನ ಒಂದೇ ತಟ್ಟೆಯಲ್ಲಿ ಬಡಿಸಿದಾಗ ಹೇಗೆ ತಿಳಿಯುತ್ತದೋ ಹಾಗೆ ಇದೂ. ಸಾಧ್ಯವಾದರೆ ನಾಲ್ಕೂ ಒಂದೇ ಕಂಪನಿಯ, ಒಂದೇ ದರದ ಬಾಟಲಿ ಇರಲಿ. ಆಗ ಮಾಡುವವರ ಕೈಗುಣ ಒಂದೇ ಇದ್ದು ತಳಿಯ ಗುಣ ಎದ್ದು ಕಾಣುತ್ತದೆ.

ಈ ನಾಲ್ಕು ತಗೊಳ್ಳಿ. ನಮ್ಮ ದೇಶದಲ್ಲಿ ಜಾಸ್ತಿ ಬೆಳೆಯುವವು ಇವೇ, ಮುಂಬೈ, ಪುಣೆಯ ಯಾವ ದೊಡ್ಡ ಅಂಗಡಿಯಲ್ಲೂ ಸಿಗುತ್ತವೆ. (ಅಂಗಡಿ ಅಂದೆ. "ವೈನ್ ಶಾಪ್" ಅಂತ ಬೋರ್ಡ್ ಹಾಕಿದ ಕಡೆ ಹೆಚ್ಚಾಗಿ ವೈನ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಇರುತ್ತದೆ. ಬಿಸಿಲಿಗೆ ಎದುರಾಗಿ ನಿಲ್ಲಿಸಿದ ಬಾಟಲಿ ಕೊಟ್ಟರೆ ಒಳಗಿನದು ಕೇಳಿ.)

ಚೆನಿನ್ ಬ್ಲಾಂಕ್: ಬಿಳಿ. ಮೂಲ ಫ್ರಾನ್ಸಿನ ಲ್ವಾರ್ ನದಿ ಕಣಿವೆ. ನಮ್ಮಲ್ಲಿ ಇದನ್ನು ಹೆಚ್ಚಾಗಿ ಕೊಂಚ ಸಿಹಿ ಉಳಿಸಿ ಮಾಡುತ್ತಾರೆ. ಮಾಗಿದ ಬಾಳೆ, ಅನಾನಸ್, ಸೇಬಿನ ವಾಸನೆ. ಹೊಸಬರಿಗೆ ಬೇಗ ಹಿಡಿಸುತ್ತದೆ.

ಸೊವಿನ್ಯೋ ಬ್ಲಾಂಕ್: ಇದೂ ಬಿಳಿ, ಆದರೆ ಚುರುಕು ಹುಳಿ. ಮೂಗಿಗೆ ಹಿಡಿದರೆ ಹಸಿ ದೊಣ್ಣೆ ಮೆಣಸಿನಕಾಯಿ, ಹುಲ್ಲು ಕತ್ತರಿಸಿದ ವಾಸನೆ, ಕೆಲವದರಲ್ಲಿ ಪೇರಲ. ದೊಣ್ಣೆ ಮೆಣಸಿನಕಾಯಿಯದು ಕಲ್ಪನೆ ಅಲ್ಲ. ಪೈರಜೀನ್ ಎಂಬ ಒಂದೇ ಬಗೆಯ ರಾಸಾಯನಿಕ ಎರಡರಲ್ಲೂ ಇದೆ. 2000ದಲ್ಲಿ ನಾಸಿಕ್‌ನ ಸುಲಾ ಎಂಬ ವೈನ್ ಕಂಪನಿ ಮೊದಲ ಸಲ ಬಾಟಲಿ ಹೊರತಂದಾಗ ಅದರಲ್ಲಿ ಇದ್ದದ್ದು ಇವೇ ಎರಡು ಬಿಳಿ ತಳಿಗಳು. ನಾಸಿಕ್‌ನವರು ಅಲ್ಲಿಂದ ಇವನ್ನು ಬಿಟ್ಟಿಲ್ಲ.

ಶಿರಾಜ್: ಕೆಂಪು. ಸಿರಾ ಅಂದರೂ ಇದೇ. ನೇರಳೆ ಹಣ್ಣು, ಆಮೇಲೆ ಗಂಟಲ ಹತ್ತಿರ ಕರಿಮೆಣಸು. ಇಲ್ಲೂ ಅಷ್ಟೇ, ಮೆಣಸಿನಲ್ಲಿರುವ ರೊಟುಂಡೋನ್ ಎಂಬ ಘಮ ಈ ದ್ರಾಕ್ಷಿಯ ಸಿಪ್ಪೆಯಲ್ಲೂ ಇರುತ್ತದೆ. ಒಗರು ಮಧ್ಯಮ. ನಮ್ಮ ಬಿಸಿಲಿಗೆ ಚೆನ್ನಾಗಿ ಹೊಂದಿಕೊಂಡ ಕೆಂಪು ತಳಿ ಇದೇ ಅನ್ನುವುದು ನನ್ನ ಅಭಿಪ್ರಾಯ.

ಕ್ಯಾಬರ್ನೆ ಸೊವಿನ್ಯೋ: ಕೆಂಪು, ದಪ್ಪ ಸಿಪ್ಪೆ, ಜಾಸ್ತಿ ಒಗರು. 1990ರ ದಶಕದಲ್ಲಿ ಡಿಎನ್‌ಎ ಪರೀಕ್ಷೆ ಮಾಡಿದಾಗ ಇದು ಕ್ಯಾಬರ್ನೆ ಫ್ರಾಂಕ್ ಎಂಬ ಕೆಂಪು ತಳಿಗೂ ಮೇಲೆ ಹೇಳಿದ ಬಿಳಿ ಸೊವಿನ್ಯೋ ಬ್ಲಾಂಕ್‌ಗೂ ಹುಟ್ಟಿದ ಕೂಸು ಅಂತ ಗೊತ್ತಾಯಿತು. ಎರಡೂ ಗ್ಲಾಸ್ ಪಕ್ಕಪಕ್ಕ ಮೂಸಿ ನೋಡಿ. ಮಗುವಿನಲ್ಲೂ ಆ ಮೆಣಸಿನಕಾಯಿ ವಾಸನೆ ಎಳೆಯಾಗಿ ಸಿಗುತ್ತದೆ, ಅದರಲ್ಲೂ ಹಣ್ಣು ಪೂರ್ತಿ ಮಾಗುವ ಮೊದಲೇ ಕೊಯ್ದಿದ್ದರೆ.

ಕ್ರಮ ಹೀಗಿರಲಿ. ಬಿಳಿ ಬಾಟಲಿಗಳನ್ನು ಬೆಳಗ್ಗೆಯೇ ಫ್ರಿಜ್ಜಿಗೆ ಹಾಕಿ. ಕೊಡುವ ಹತ್ತು ನಿಮಿಷ ಮೊದಲು ಹೊರಗೆ ತೆಗೆಯಿರಿ, 8ರಿಂದ 10 ಡಿಗ್ರಿ ಸಾಕು. ಕೆಂಪನ್ನು ಅರ್ಧ, ಮುಕ್ಕಾಲು ಗಂಟೆ ಫ್ರಿಜ್ಜಿನಲ್ಲಿಡಿ. ಹೌದು, ಕೆಂಪನ್ನೂ. "ಕೆಂಪು ವೈನ್ ಕೋಣೆಯ ಬಿಸಿಯಲ್ಲಿ ಕುಡಿಯಬೇಕು" ಅಂತ ಹೇಳಿದವರ ಕೋಣೆ ಯುರೋಪಿನದು, 17-18 ಡಿಗ್ರಿಯದು. ಮಾಟುಂಗಾದ ಕೋಣೆಯಲ್ಲಿ ಮಾರ್ಚ್ ತಿಂಗಳು 30 ದಾಟಿರುತ್ತದೆ. ಆ ಬಿಸಿಯಲ್ಲಿ ವೈನ್ ಕುಡಿದರೆ ಬರೀ ಸ್ಪಿರಿಟ್ ಮೂಗಿಗೆ ಹೊಡೆಯುತ್ತದೆ. ನಾನು ನೋಡಿದ ತಪ್ಪುಗಳಲ್ಲಿ ಇದೇ ನಂಬರ್ ಒಂದು.

ಹಾಳೆಯ ಮೇಲೆ 1ರಿಂದ 4 ಬರೆದು ಗ್ಲಾಸ್ ಇಡಿ. ಒಂದೊಂದರಲ್ಲಿ ಎರಡು ಗುಟುಕಿನಷ್ಟು ಮಾತ್ರ ಹಾಕಿ. ಚೆನಿನ್, ಸೊವಿನ್ಯೋ, ಶಿರಾಜ್, ಕ್ಯಾಬರ್ನೆ, ಇದೇ ಸಾಲು. ಮೊದಲು ಬಣ್ಣ ನೋಡಿ. ಗ್ಲಾಸ್ ಆಡಿಸಿ ಮೂಸಿ. ಒಂದು ಗುಟುಕು ಬಾಯಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಳ್ಳಿ. ನಾಲ್ಕೇ ಪ್ರಶ್ನೆ: ಸಿಹಿ ಎಷ್ಟು? ಹುಳಿ ಎಷ್ಟು? ಒಗರು ಎಷ್ಟು? ಬಾಯಲ್ಲಿ ನೀರಿನಂತಿದೆಯೋ ಹಾಲಿನಂತಿದೆಯೋ? ಕೊನೆಯದಕ್ಕೆ ವೈನ್ ಭಾಷೆಯಲ್ಲಿ ಬಾಡಿ ಅನ್ನುತ್ತಾರೆ. ಉತ್ತರ ಬರೆದ ಮೇಲೆ ಮಾತಾಡಿ. ಮೊದಲೇ ಮಾತಾಡಿದರೆ ಯಾರೋ ಒಬ್ಬರು "ಚಾಕೊಲೇಟ್!" ಅನ್ನುತ್ತಾರೆ, ಉಳಿದ ಐದು ಜನರಿಗೂ ಅದೇ ಬರತೊಡಗುತ್ತದೆ.

ವಾಸನೆಗೆ ಪುಸ್ತಕದ ಹೆಸರೇ ಬೇಕಿಲ್ಲ. ಬ್ಲ್ಯಾಕ್‌ಬೆರಿ ನಾವ್ಯಾರೂ ತಿಂದು ಬೆಳೆದವರಲ್ಲ. ನೇರಳೆ, ಕೋಕಂ, ಕವಳಿಹಣ್ಣು, ಹುಣಸೆಹಣ್ಣಿನ ತೊಕ್ಕು, ಏನು ನೆನಪಾಗುತ್ತದೋ ಅದನ್ನೇ ಬರೆಯಿರಿ.

ಊಟ ಆಮೇಲೆ. ಅಲ್ಲೂ ಒಂದು ಪಾಠ ಇದೆ. ಕೋರಿ ಗಸ್ಸಿ ಅಥವಾ ಎಣ್ಣೆಗಾಯಿ ಜೊತೆ ಕ್ಯಾಬರ್ನೆ ಕುಡಿದು ನೋಡಿ. ಖಾರ ಒಗರನ್ನು ಕೆರಳಿಸುತ್ತದೆ, ಎರಡೂ ಕಹಿ ಆಗುತ್ತವೆ. ಅದೇ ಖಾರಕ್ಕೆ ಕೊಂಚ ಸಿಹಿಯ ಚೆನಿನ್ ತಣ್ಣಗೆ ಕೂರುತ್ತದೆ. ರವೆ ಹಚ್ಚಿ ಕರಿದ ಬಂಗುಡೆಗೆ ಸೊವಿನ್ಯೋ ಬ್ಲಾಂಕ್, ಲಿಂಬೆ ಹಿಂಡಿದ ಹಾಗೆ. ಕ್ಯಾಬರ್ನೆ ಬೇಕೇ ಬೇಕಾದರೆ ಖಾರ ಕಮ್ಮಿ ಇರುವ ಮಟನ್ ಸುಕ್ಕ ಮಾಡಿ.

ಈ ನಾಲ್ಕು ಕೈಗೆ ಹತ್ತಿದ ಮೇಲೆ ಮುಂದಿನವು: ಇಟಲಿಯ ಸಾಂಜೊವೇಸಿ (ಅಕಲೂಜ್‌ನ ಫ್ರಾಟೆಲ್ಲಿ, ನಮ್ಮ ಹಂಪಿ ಬೆಟ್ಟದ ಕೃಷ್ಮಾ ಇಬ್ಬರೂ ಮಾಡುತ್ತಾರೆ), ಸ್ಪೇನಿನ ಟೆಂಪ್ರಾನಿಯೊ, ಹೂವಿನ ಘಮದ ವಿಯೋನಿಯೆ.

ಹಂತ 3: ಲೇಬಲ್ ಓದಿ

ಮುಂದಿನ ಚಿತ್ರ ಬಿಡಿ, ಬಾಟಲಿ ತಿರುಗಿಸಿ. ಎಲ್ಲಿ ಬೆಳೆದದ್ದು, ಎಲ್ಲಿ ತುಂಬಿಸಿದ್ದು ನೋಡಿ. ಕೆಲವು ಬಾಟಲಿಗಳಲ್ಲಿ ವಿದೇಶದಿಂದ ದೊಡ್ಡ ಟ್ಯಾಂಕಿನಲ್ಲಿ ತರಿಸಿದ ವೈನನ್ನು ಇಲ್ಲಿ ತುಂಬಿಸಿರುತ್ತಾರೆ. ಅದು ತಪ್ಪೇನಲ್ಲ, ಆದರೆ ನೀವು ನಾಸಿಕ್ ದ್ರಾಕ್ಷಿ ಅಂದುಕೊಂಡು ಕೊಳ್ಳಬಾರದು. ವರ್ಷ ಬರೆದಿದ್ದರೆ ಅದು ಕೊಯ್ಲಿನ ವರ್ಷ, ಅದಕ್ಕೆ ವಿಂಟೇಜ್ ಅನ್ನುತ್ತಾರೆ. ಇಲ್ಲದಿದ್ದರೆ ತುಂಬಿಸಿದ ತಿಂಗಳು ನೋಡಿ. ಕಮ್ಮಿ ದರದ ಬಿಳಿ ವೈನ್ ಎರಡು ವರ್ಷಕ್ಕಿಂತ ಹಳೆಯದಾದರೆ ಬೇಡ. "ವೈನ್ ಹಳೆಯದಾದಷ್ಟೂ ಒಳ್ಳೇದು" ಅನ್ನುವ ಮಾತು ಬೆರಳೆಣಿಕೆಯ ಬಾಟಲಿಗಳಿಗೆ ಮಾತ್ರ. "ರಿಸರ್ವ್" ಅನ್ನುವ ಪದಕ್ಕೆ ಒಂದೊಂದು ಕಂಪನಿಯಲ್ಲಿ ಒಂದೊಂದು ಅರ್ಥ.

ಆರ್ಗ್ಯಾನಿಕ್ ಅಂತ ಇದ್ದರೆ ಸರ್ಕಾರ ಒಪ್ಪಿದ ಸಾವಯವ ಗುರುತು ಜೊತೆಗಿರಬೇಕು. "ನೈಸರ್ಗಿಕ", "ಪರಿಸರಸ್ನೇಹಿ" ಇವು ಬರೀ ಮಾತು. ಸಲ್ಫೈಟ್ ಇದೆ ಅಂತ ಬರೆದಿದ್ದರೆ ಗಾಬರಿ ಬೇಡ. ಗಂಧಕದಿಂದ ಬರುವ ಈ ಸಂರಕ್ಷಕ ವೈನ್ ಕೆಡದಂತೆ ತಡೆಯುತ್ತದೆ. ಹೊಳೆಯುವ ಹಳದಿ ಒಣದ್ರಾಕ್ಷಿಗೆ ಹೊಗೆ ಕೊಡುವುದೂ ಗಂಧಕದ್ದೇ. ಅಸ್ತಮಾ ಇರುವವರು ಮಾತ್ರ ನಿಜಕ್ಕೂ ಹುಷಾರಾಗಿರಬೇಕು. ಸಸ್ಯಾಹಾರಿಗಳು ಇನ್ನೊಂದು ಕೇಳಬೇಕು: ವೈನ್ ತಿಳಿ ಮಾಡಲು ಏನು ಬಳಸಿದ್ದೀರಿ? ಮೊಟ್ಟೆಯ ಬಿಳಿ, ಮೀನಿನ ಗಾಳಿಚೀಲದ ಅಂಟು ಬಳಸುವ ಪದ್ಧತಿ ಇದೆ. ಬೆಂಟೊನೈಟ್ ಎಂಬ ಜೇಡಿಮಣ್ಣಿನಿಂದ ಮಾಡಿದ್ದರೆ ನಿಶ್ಚಿಂತೆ.

ಹಂತ 4: ಎಲ್ಲಿಗೆ, ಯಾವಾಗ

ಯುರೋಪಿನಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಮಲಗುವುದೇ ಇಲ್ಲ. ಅದಕ್ಕೆ ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಕತ್ತರಿಸುವ ಕೆಲಸ. ಏಪ್ರಿಲ್ ಚಾಟ್ನಿ ಕಡ್ಡಿ ಬೆಳೆಸಲು, ಮಳೆ ಹೋದ ಮೇಲೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇನ್ನೊಂದು ಹಣ್ಣಿಗೆ. ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಲು. ಬಳ್ಳಿ ಮೇಲೆ ಗೊಂಚಲು ನೋಡಬೇಕಾದರೆ ಜನವರಿ ಕೊನೆಯಿಂದ ಫೆಬ್ರವರಿ. ಜುಲೈಯಲ್ಲಿ ಹೋದರೆ ಬೆಟ್ಟ ಹಸಿರಾಗಿರುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ, ದ್ರಾಕ್ಷಿ ಮಾತ್ರ ಒಂದೂ ಇರೋದಿಲ್ಲ.

ಮುಂಬೈಯವರಿಗೆ ನಾಸಿಕ್ ಸುಲಭ, ಸುಮಾರು 170 ಕಿಲೋಮೀಟರ್. ಶಿರ್ಡಿಗೆ ಹೋಗುವ ವಂದೇ ಭಾರತ್ ಬೆಳಗ್ಗೆ ಹೊರಟು ನಾಸಿಕ್ ರೋಡ್‌ನಲ್ಲಿ ನಿಲ್ಲುತ್ತದೆ, ಸಂಜೆ ಅದೇ ಗಾಡಿಯಲ್ಲಿ ವಾಪಸ್. ಯಾರೂ ಕುಡಿದು ಕಸಾರಾ ಘಾಟ್ ಇಳಿಸಬೇಕಾಗಿಲ್ಲ. ಗಂಗಾಪುರ ಅಣೆಕಟ್ಟೆಯ ಸುತ್ತ ಸುಲಾ, ಯಾರ್ಕ್, ಸೋಮಾ, ದಿಂಡೋರಿಯಲ್ಲಿ ಗುಳ್ಳೆ ಬರುವ ವೈನ್ ಮಾಡುವ ಶಾಂಡೋ.

ಪುಣೆಯವರಿಗೆ ಸೊಲ್ಲಾಪುರ ರಸ್ತೆ. ಬಾರಾಮತಿ ಕಡೆ ರೋಟಿ ಗ್ರಾಮದಲ್ಲಿ ಫೋರ್ ಸೀಸನ್ಸ್, ಅದಕ್ಕೂ ಮುಂದೆ ಇಂದಾಪುರದಲ್ಲಿ ತಿರುಗಿದರೆ ಅಕಲೂಜ್‌ನ ಫ್ರಾಟೆಲ್ಲಿ. ವಿಜಯಪುರ, ಕಲಬುರಗಿಗೆ ಊರಿಗೆ ಹೋಗುವವರಿಗೆ ಇದು ದಾರಿಯಲ್ಲೇ ಸಿಗುವ ಸಣ್ಣ ಸುತ್ತು. ಚಳಿಗಾಲವಾದರೆ ಭಿಗವಣದಲ್ಲಿ ರಾಜಹಂಸಗಳನ್ನೂ ನೋಡಿಕೊಂಡು ಹೋಗಬಹುದು. ಎಲ್ಲಿಗೇ ಆಗಲಿ ಮೊದಲು ಫೋನ್ ಮಾಡಿ. ಎಲ್ಲ ಕಡೆ ದಿನವೂ ಒಳಗೆ ಬಿಡುವುದಿಲ್ಲ.

ಎಚ್ಚರಿಕೆ: ಕೊಯ್ಲಿನ ಸೀಸನ್ನಿನ ನಡುವೆ ಜನವರಿ 26ರ ರಜೆ ಬರುತ್ತದೆ, ಎಲ್ಲರೂ ಆ ದಿನವೇ ಹೊರಡುತ್ತಾರೆ. ಅವತ್ತು ಡ್ರೈ ಡೇ. ಒಂದು ವರ್ಷ ನಾವೂ ಎಂಟು ಜನ ಗಾಡಿ ಮಾಡಿಕೊಂಡು ಹೋಗಿ, ದ್ರಾಕ್ಷಿ ಜ್ಯೂಸ್ ಕುಡಿದು ಬಂದೆವು.

ಹಂತ 5: ತೋಟದಲ್ಲಿ ಏನು ನೋಡಬೇಕು, ಏನು ಕೇಳಬೇಕು

ಗೈಡ್ ನಿಮ್ಮನ್ನು ಬೇಗ ಬೇಗ ರುಚಿ ಕೋಣೆಗೆ ಕರೆದೊಯ್ಯಲು ನೋಡುತ್ತಾರೆ. ಹತ್ತು ನಿಮಿಷ ತೋಟದಲ್ಲೇ ನಿಲ್ಲಿ.

ಮೊದಲು ಬಳ್ಳಿ ಕಟ್ಟಿದ ರೀತಿ. ನಮ್ಮ ಕಡೆ ದ್ರಾಕ್ಷಿ ಪಡದಲ್ಲಿ ಚಪ್ಪರ ಇರುತ್ತದೆ, ಗೊಂಚಲು ತಲೆಯ ಮೇಲೆ ತೂಗುತ್ತವೆ. ವೈನ್ ತೋಟದಲ್ಲಿ ಸಾಮಾನ್ಯವಾಗಿ ತಂತಿ ಬೇಲಿಯ ಹಾಗೆ ಸಾಲು, ಗೊಂಚಲು ಮೊಣಕಾಲು, ಸೊಂಟದ ಎತ್ತರದಲ್ಲಿ. ಗಾಳಿ ಆಡುತ್ತದೆ, ಬೂದಿ ರೋಗ ಕಮ್ಮಿ, ಔಷಧಿಯೂ ಕಮ್ಮಿ. ಬಳ್ಳಿಯಲ್ಲಿ ಗೊಂಚಲು ಲೆಕ್ಕ ಮಾಡಿದಷ್ಟೇ ಇರುತ್ತವೆ. ನನ್ನ ಅಪ್ಪ ಮೊದಲ ಸಲ ನೋಡಿದಾಗ "ಇಷ್ಟೇನಾ? ಹಿಂಗಾದ್ರ ಸಾಲ ತೀರೂದ ಹ್ಯಾಂಗ?" ಅಂದರು. ಬೇಕೆಂದೇ ಕಮ್ಮಿ ಬಿಟ್ಟಿರುತ್ತಾರೆ. ಗೊಂಚಲು ಕಮ್ಮಿಯಾದರೆ ಉಳಿದ ಹಣ್ಣಿಗೆ ರುಚಿ ಕೂಡುತ್ತದೆ.

ಆಮೇಲೆ ಬುಡ. ಕಾಂಡದಲ್ಲಿ ನೆಲದ ಹತ್ತಿರ ಒಂದು ಗಂಟು ಕಾಣುತ್ತದೆ, ಅದು ಕಸಿ ಮಾಡಿದ ಜಾಗ. ಮೇಲಿನದು ಶಿರಾಜ್ ಇರಬಹುದು, ಕೆಳಗಿನದು ಬೇರೆಯೇ ಗಿಡ. 19ನೇ ಶತಮಾನದಲ್ಲಿ ಫಿಲೊಕ್ಸೆರಾ ಎಂಬ ಪುಟ್ಟ ಹೇನು ಯುರೋಪಿನ ತೋಟಗಳ ಬೇರು ತಿಂದು ಹಾಳು ಮಾಡಿದಾಗ, ಅಮೆರಿಕದ ಕಾಡು ಬಳ್ಳಿಯ ಬೇರಿಗೆ ಕಸಿ ಕಟ್ಟಿ ಬದುಕಿಸಿದರು. ನಮ್ಮಲ್ಲಿ ಕಸಿ ಕಟ್ಟುವುದು ಮುಖ್ಯವಾಗಿ ಉಪ್ಪು ನೀರು, ಬರ ತಡೆಯಲು. "ಬೇರು ಯಾವುದು?" ಅಂತ ಕೇಳಿ. ಡಾಗ್‌ರಿಜ್ ಅಥವಾ 110ಆರ್ ಅಂದರೆ ಉತ್ತರ ಸರಿ ಬಂತು. ತಾವೇ ನೆಡುವ ಯೋಚನೆ ಇರುವವರು ಯೂಟ್ಯೂಬ್ ಬಿಟ್ಟು ಪುಣೆಯ ಮಾಂಜರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವನ್ನು ಕೇಳಿ. ಹಡಪ್ಸರದಿಂದ ಹತ್ತಿರವೇ ಇದೆ.

ಈಗ ನೀರು. ಜಗತ್ತಿನ ಸರಾಸರಿ ಲೆಕ್ಕದಲ್ಲಿ 125 ಮಿಲಿಲೀಟರ್‌ನ ಒಂದು ಗ್ಲಾಸ್ ವೈನ್ ಹಿಂದೆ ಸುಮಾರು 110 ಲೀಟರ್ ನೀರು ಇದೆ, ಬಹುಪಾಲು ಮಳೆಯದು. ಆದರೆ ನಮ್ಮಲ್ಲಿ ಬೆಳೆ ನಿಲ್ಲುವುದೇ ಮಳೆ ಇಲ್ಲದ ತಿಂಗಳುಗಳಲ್ಲಿ. ಕೆರೆ, ಕಾಲುವೆ, ಬೋರ್ ನೀರೇ ಗತಿ. "ಡ್ರಿಪ್ ಇದೆ" ಅನ್ನುವುದು ಉತ್ತರ ಅಲ್ಲ, ಡ್ರಿಪ್ ಎಲ್ಲರಲ್ಲೂ ಇದೆ. ಹೀಗೆ ಕೇಳಿ: ನೀರು ಎಲ್ಲಿಂದ? ಮಳೆ ನೀರು ಹಿಡಿಯುವ ಹೊಂಡ ಇದೆಯಾ? ಎಷ್ಟು ಬಿಡಬೇಕು ಅಂತ ಹೇಗೆ ನಿರ್ಧರಿಸುತ್ತೀರಿ, ಮಣ್ಣಿನ ತೇವ ಅಳೆದೋ ಗಡಿಯಾರ ನೋಡಿಯೋ? ಸಾಲಿನ ಬುಡದಲ್ಲಿ ಕಬ್ಬಿನ ರವದಿ, ಒಣ ಹುಲ್ಲು ಹೊದಿಸಿದ್ದಾರಾ ನೋಡಿ. ಕಾಲಿನಿಂದ ಸ್ವಲ್ಪ ಸರಿಸಿದರೆ ಅಡಿಯಲ್ಲಿ ಮಣ್ಣು ಮೆತ್ತಗೆ, ಕಪ್ಪಗೆ ಇರಬೇಕು, ಎರೆಹುಳದ ಗುಳಿ ಇರಬೇಕು. ಸಾಲುಗಳ ನಡುವೆ ಸೆಣಬು, ಅಲಸಂದೆ ಬಿತ್ತಿದ್ದರೆ ಇನ್ನೂ ಒಳ್ಳೇದು. ಬೋಳು ನೆಲ, ಸುಟ್ಟ ಹುಲ್ಲು ಕಂಡರೆ ಕಳೆನಾಶಕ ಹೊಡೆದಿದ್ದಾರೆ ಅಂತ ಅರ್ಥ.

ಔಷಧಿ. ಮಲೆನಾಡಿನವರಿಗೆ, ಕರಾವಳಿಯವರಿಗೆ ಬೋರ್ಡೋ ದ್ರಾವಣ ಹೇಳಿಕೊಡಬೇಕಿಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತು, ಸುಣ್ಣದ ನೀಲಿ ನೀರು. ಆ ಬೋರ್ಡೋ ಅಂದರೆ ಫ್ರಾನ್ಸಿನ ವೈನ್ ನಾಡೇ. ದಾರಿಹೋಕರು ಹಣ್ಣು ಕದಿಯದಿರಲಿ ಅಂತ ರಸ್ತೆ ಬದಿಯ ಬಳ್ಳಿಗೆ ಈ ನೀಲಿ ನೀರು ಹೊಡೆಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಡೌನಿ ರೋಗ ಬರಲಿಲ್ಲ ಅಂತ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ ಗಮನಿಸಿ 1885ರಲ್ಲಿ ಪ್ರಕಟಿಸಿದ. ಸಾವಯವ ಕೃಷಿಯಲ್ಲೂ ಇದಕ್ಕೆ ಅನುಮತಿ ಇದೆ. ಆದರೆ ಮೈಲುತುತ್ತಿನಲ್ಲಿರುವ ತಾಮ್ರ ಕರಗಿ ಹೋಗುವಂಥದ್ದಲ್ಲ, ಮಣ್ಣಿನಲ್ಲೇ ಕೂಡುತ್ತಾ ಹೋಗುತ್ತದೆ. ಅದಕ್ಕೇ ಯುರೋಪಿನಲ್ಲಿ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ಎಂಬ ಮಿತಿ. ಹಾಗಾಗಿ "ಆರ್ಗ್ಯಾನಿಕ್ ಹೌದಾ?" ಅನ್ನುವುದಕ್ಕಿಂತ "ಕಳೆದ ಸೀಸನ್ನಿನಲ್ಲಿ ಎಷ್ಟು ಸಲ ಹೊಡೆದಿರಿ, ಏನು ಹೊಡೆದಿರಿ, ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಿದಿರಿ?" ಅಂತ ಕೇಳಿ. ಲೆಕ್ಕದ ಪುಸ್ತಕ ಇಟ್ಟವರು ತೆಗೆದು ತೋರಿಸುತ್ತಾರೆ.

ಕೊನೆಯ ಪ್ರಶ್ನೆ ಯಾರೂ ಕೇಳುವುದಿಲ್ಲ, ನೀವು ಕೇಳಿ. ಹಣ್ಣಿನ ಚಾಟ್ನಿ ಆದ ಮೇಲೆ ಕಣ್ಣುಗಳು ಒಟ್ಟಿಗೆ ಒಡೆಯಲಿ ಅಂತ ಹೈಡ್ರೋಜನ್ ಸಯನಮೈಡ್ ಎಂಬ ದ್ರಾವಣ ಹಚ್ಚುವ ರೂಢಿ ಇದೆ. ಕಣ್ಣು ಅಂದರೆ ಕಡ್ಡಿಯ ಮೊಗ್ಗು. ತುಂಬಾ ವಿಷದ್ದು. ಅದನ್ನು ಮುಟ್ಟಿದವರು ಮುಂದಿನ ಕೆಲವು ದಿನ ಒಂದು ತೊಟ್ಟು ಮದ್ಯ ಕುಡಿದರೂ ಮೈಯೆಲ್ಲ ಕೆಂಪಾಗಿ, ಎದೆ ಹೊಡೆದುಕೊಂಡು ಆಸ್ಪತ್ರೆ ಸೇರಬಹುದು. ಯುರೋಪ್ 2008ರಲ್ಲೇ ಇದರ ಅನುಮತಿ ತೆಗೆದುಹಾಕಿತು. "ಹಚ್ಚುವವರಿಗೆ ಕೈಗವಸು, ಮುಖವಾಡ ಕೊಡ್ತೀರಾ?" ಅಂತ ಕೇಳಿ, ಅವರ ಮುಖ ನೋಡಿ.

ಹಂತ 6: ಟ್ಯಾಂಕುಗಳ ಕೋಣೆಯಲ್ಲಿ

ಬಿಳಿ ವೈನ್ ಸುಮಾರು 14ರಿಂದ 18 ಡಿಗ್ರಿಯಲ್ಲಿ ಹುದುಗಬೇಕು, ಕೆಂಪು 25ರ ಆಸುಪಾಸು. ಹೊರಗೆ ಮಾರ್ಚ್ ಬಿಸಿಲು 36. ಹುದುಗುವಾಗ ರಸ ತಾನೂ ಬಿಸಿಯಾಗುತ್ತದೆ. ಇದನ್ನೆಲ್ಲ ತಣ್ಣಗಿಡುವ ಚಿಲ್ಲರ್‌ಗೇ ಕರೆಂಟಿನ ದೊಡ್ಡ ಪಾಲು ಹೋಗುತ್ತದೆ. ಜಾಣರು ರಾತ್ರಿ ಅಥವಾ ಬೆಳಗಿನ ಜಾವ ಕೊಯ್ಯುತ್ತಾರೆ. ತಣ್ಣಗಿನ ಹಣ್ಣು ಬಂದರೆ ಚಿಲ್ಲರ್ ಕೆಲಸ ಅರ್ಧ ಆಯಿತು. ಮಾಡಿನ ಮೇಲೆ ಸೋಲಾರ್, ಟ್ಯಾಂಕಿಗೆ ಶಾಖ ತಡೆಯುವ ಹೊದಿಕೆ ಇದೆಯಾ ನೋಡಿ.

ನೆಲ ಸದಾ ಒದ್ದೆ ಇರುತ್ತದೆ, ತೊಳೆಯುವುದೇ ಇಲ್ಲಿಯ ದೊಡ್ಡ ಕೆಲಸ. "ಒಂದು ಲೀಟರ್ ವೈನ್‌ಗೆ ತೊಳೆಯಲು ಎಷ್ಟು ಲೀಟರ್?" ಅಂತ ಕೇಳಿದಾಗ ತಡವರಿಸದೆ ಒಂದು ಅಂಕಿ ಬಂದರೆ, ಅವರು ಮೀಟರ್ ಹಾಕಿದ್ದಾರೆ. ತೊಳೆದ ನೀರು ಶುದ್ಧ ಮಾಡಿ ತೋಟಕ್ಕೆ ಬಿಡುತ್ತಾರಾ ಕೇಳಿ. ಹಿಂಡಿ ಉಳಿದ ಸಿಪ್ಪೆ, ಬೀಜದ ಚರಟ ಗೊಬ್ಬರವಾಗಿ ವಾಪಸ್ ಬಳ್ಳಿಗೆ ಹೋಗಬೇಕು. ಕಟ್ಟಡದ ಹಿಂದೆ ಹೋದರೆ ಮೂಗೇ ಹೇಳುತ್ತದೆ. ಹುಳಿ ನಾರುವ ಗುಡ್ಡೆ ಇದ್ದರೆ ಸರಿಯಿಲ್ಲ.

ಎಚ್ಚರಿಕೆ: ಹುದುಗುವ ಟ್ಯಾಂಕಿನ ಬಾಯಿಗೆ ಬಗ್ಗಿ ಮೂಸಬೇಡಿ, ಮಕ್ಕಳನ್ನು ಹತ್ತಿಸಬೇಡಿ. ಅಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿರುತ್ತದೆ. ಒಂದು ಉಸಿರಿಗೆ ತಲೆ ತಿರುಗಿ ಒಳಗೆ ಬೀಳಬಹುದು.

ಹಂತ 7: ಕೊಳ್ಳುವುದು, ತರುವುದು, ಇಡುವುದು

ಬಾಟಲಿ ಎತ್ತಿ ನೋಡಿ. ಒಂದು ಬಾಟಲಿ ವೈನ್‌ಗೆ ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ ದ್ರಾಕ್ಷಿ ಬೇಕು. ಆ ವೈನ್ ತುಂಬಿದ ಗಾಜು 400 ಗ್ರಾಂ ಇರಬಹುದು, 900 ಗ್ರಾಂ ಕೂಡ ಇರಬಹುದು. ಭಾರ ಬಾಟಲಿ ಗತ್ತಿಗಾಗಿ ಮಾತ್ರ. ವೈನ್‌ನಿಂದ ಹೊರಬೀಳುವ ಇಂಗಾಲದ ಲೆಕ್ಕದಲ್ಲಿ ಗಾಜಿನದೇ ದೊಡ್ಡ ಬಾಬತ್ತು. ತಿರುಗಿಸುವ ಮುಚ್ಚಳವನ್ನು ಅಗ್ಗದ್ದು ಅಂತ ಮೂಗು ಮುರಿಯಬೇಡಿ. ಬೇಗ ಕುಡಿಯುವ ವೈನ್‌ಗೆ ಕಾರ್ಕಿಗಿಂತ ಅದೇ ಮೇಲು.

ಬಿಲ್ಲು ಇಟ್ಟುಕೊಳ್ಳಿ. ಗೋವಾದಿಂದ, ಕರ್ನಾಟಕದಿಂದ ಮಹಾರಾಷ್ಟ್ರಕ್ಕೆ ಪರ್ಮಿಟ್ ಇಲ್ಲದೆ ಬಾಟಲಿ ತರಬೇಡಿ, ಗಡಿಯಲ್ಲಿ ಅಬಕಾರಿಯವರು ಹಿಡಿಯುತ್ತಾರೆ. ಡಿಕ್ಕಿಯಲ್ಲಿ ಥರ್ಮಾಕೋಲ್ ಡಬ್ಬಿ ಇರಲಿ. ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಊಟಕ್ಕೆಂದು ಗಾಡಿ ಬಿಸಿಲಲ್ಲಿ ನಿಲ್ಲಿಸಿ, ಮೂರು ಬಾಟಲಿಯ ಕಾರ್ಕ್ ಮೇಲೆದ್ದು ಸೀಟೆಲ್ಲ ಶಿರಾಜ್ ಆದದ್ದು ನನ್ನದೇ ತಪ್ಪು. ಮನೆಯಲ್ಲಿ ಅಡುಗೆಮನೆಯ ಮೇಲಿನ ಕಪಾಟು ಬೇಡ, ಬೆಡ್‌ರೂಮಿನ ಕೆಳಗಿನ ಕಪಾಟು ಸಾಕು. ಮೇ ತಿಂಗಳಿಗೆ ಫ್ರಿಜ್ಜಿನ ತರಕಾರಿ ಡಬ್ಬವೇ ಒಳ್ಳೇದು.

ತೆರೆದ ಬಾಟಲಿ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ನಡೆಯುತ್ತದೆ. ಖಾಲಿಯಾದದ್ದನ್ನು ತೊಳೆದು ಭಂಗಾರ್‌ನವನಿಗೆ, ಅಂದರೆ ಗುಜರಿಯವನಿಗೆ ಕೊಡಿ, ಒಡೆಯದೆ ಇಡೀ ಬಾಟಲಿಯನ್ನೇ. ಅರ್ಧ ಉಳಿದು ಹುಳಿ ಹತ್ತಿದ್ದರೆ ಚೆಲ್ಲಬೇಡಿ. ಹೆಚ್ಚಿದ ಈರುಳ್ಳಿಗೆ ಎರಡು ಚಮಚ ಹಾಕಿ ಉಪ್ಪು ಬೆರೆಸಿ ಅರ್ಧ ಗಂಟೆ ಬಿಡಿ, ಜೋಳದ ರೊಟ್ಟಿಗೆ ಚೆನ್ನಾಗಿರುತ್ತದೆ.